ಅಮಾವಾಸ್ಯೆಗೆ ತೊಳೆದ ಸ್ಪಂಜು

ಮುಷ್ಟಿಯೊಳಗೆ ಅಡಗುವಷ್ಟು ಸಣ್ಣದೊಂದು ಸ್ಪಂಜು, ಕೊಳೆಯಿಂದ ಕಪ್ಪಾದದ್ದು, ನನ್ನ ಅಂಗೈ ಮೇಲಿದೆ. ಹಿಂಡಿದರೆ ಹಳಸಿದ ಚಹಾದ ಬಣ್ಣದ ನೀರು ಇಳಿಯುತ್ತದೆ. ಇದನ್ನು ಕಂಡೊಡನೆ ನಿಮಗೂ ನನ್ನಂತೆಯೇ ಮೊದಲು ನಲ್ಲಿ, ಆಮೇಲೆ ಸಾಬೂನು ನೆನಪಾದೀತು. ಸ್ವಲ್ಪ ತಡೆಯಿರಿ. ಆ ನೆನಪಿಗೆ ನಮ್ಮ ಅಂಗಡಿಯಲ್ಲಿ ಐದು ಜೀವ ಹೋಗಿವೆ.

ರಾಣೆಬೆನ್ನೂರಿನಲ್ಲಿ ಅವ್ವನದೊಂದು ಹೊಲಿಗೆಯಂಗಡಿ. ಮೇಡ್ಲೇರಿ ಕಡೆಯಿಂದ ಜಂಪರು ಹೊಲಿಸಲು ಬಂದ ಹೆಂಗಸರಿಗೆ ಕಾಯುವಾಗ ಬೇಸರವಾಗದಿರಲೆಂದು ಅವಳು ಗಾಜಿನ ಸಣ್ಣ ತೊಟ್ಟಿಯೊಂದನ್ನಿಟ್ಟು ಆರು ಕೆಂಪು ಮೀನು ಬಿಟ್ಟಿದ್ದಳು. ಬಂದವರಿಗಿಂತ ಹೆಚ್ಚು ನೋಡಿದವಳು ಅವಳೇ. ಮಷೀನು ತುಳಿಯುತ್ತ ಅವುಗಳೊಡನೆ ಮಾತಾಡುವುದು ರೂಢಿಯಾಗಿಬಿಟ್ಟಿತ್ತು. ತಿಂಗಳಿಗೊಂದರಂತೆ, ಒಮ್ಮೆ ಎರಡು, ಸತ್ತು ತೇಲಿದವು. ಕೊನೆಗುಳಿದದ್ದು ಒಣಮೆಣಸಿನಕಾಯಿಯಷ್ಟು ಕಡುಗೆಂಪಗಿದ್ದುದರಿಂದ ಅವ್ವ 'ಬ್ಯಾಡಗಿ' ಎಂದು ಹೆಸರಿಟ್ಟ ಒಂದೇ ಮೀನು. ಅದೂ ಹೋದರೆ ತೊಟ್ಟಿಯನ್ನು ಅಟ್ಟಕ್ಕೇರಿಸುವುದೆಂದು ಅವಳು ತೀರ್ಮಾನಿಸಿದ್ದಳು.

"ಅಮಾಸಿ ಮುಗದ ಮೂರ್ನಾಕ ದಿನಕ್ಕ ಒಂದ ಹೋಗೇ ಹೋಗತೈತಿ. ನೀ ಏನರ ಅನ್ನು," ಎಂದಳು ಅವ್ವ.

"ಚಂದ್ರಗ ನಿನ್ನ ಮೀನಿನ ಮ್ಯಾಲೆ ಏನ ಸಿಟ್ಟಬೇ?"

"ಕಾಲೇಜಿನ್ಯಾಗ ಕಪ್ ಕೊಟ್ರಂತ ಮನ್ಯಾಗೂ ಗೆಲ್ಲಬೇಕೇನು ನೀ?"

ಹಾವೇರಿಯ ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದು ಇಷ್ಟೇ: ಎದುರಾಳಿಯ ಕಾರಣವನ್ನು ಮುರಿ, ಅವನ ಮಾತು ತಾನಾಗಿ ಬೀಳುತ್ತದೆ. ಅಮಾವಾಸ್ಯೆಯೆಂಬ ಕಾರಣವನ್ನು ಮುರಿಯಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ತೊಟ್ಟಿಯೊಳಗೆ ಗುಳ್ಳೆ ಬಿಡುತ್ತಿದ್ದ ಅಗ್ಗದ ಸ್ಪಂಜಿನ ಫಿಲ್ಟರೇ ಅಪರಾಧಿಯೆಂದು ತೀರ್ಪು ಕೊಟ್ಟು, ಅದಕ್ಕಿಂತ ಜೋರಿನದನ್ನು ಆರಿಸಿ ತರಲು ಸ್ಟೇಷನ್ ರಸ್ತೆಯ ಮೀನಿನಂಗಡಿಗೆ ಹೋದೆ.

ಅಂಗಡಿಯ ಚಾಚಾ ಎರಡನ್ನು ತೆಗೆದಿಟ್ಟರು. ಒಂದು, ತೊಟ್ಟಿಯ ಅಂಚಿಗೆ ಜೋತುಬಿದ್ದು ಸಣ್ಣ ಜಲಪಾತದಂತೆ ನೀರು ಸುರಿಸುವಂಥದ್ದು. ಇನ್ನೊಂದು, ನೀರೊಳಗೇ ಮುಳುಗಿ ರಭಸದಿಂದ ತಳ್ಳುವಂಥದ್ದು. ನಾನು ಎರಡನೆಯದಕ್ಕೆ ಕೈಹಾಕಿದೆ.

"ಇಷ್ಟ ಸಣ್ಣ ತೊಟ್ಟಿಗೆ ಇದನ್ನ ಹಾಕಿದ್ರ ಮೀನಿಗೆ ದಿನಾ ಹೊಳಿ ತುಂಬಿ ಬಂದಂಗ, ಬೇಟಿ. ಈಗ ಏನೈತಿ?"

"ಸ್ಪಂಜಿಂದು. ಅದಿದ್ದೂ ಸಾಯಾಕತ್ತಾವ."

"ಯಾವಾಗ ಸಾಯ್ತಾವ?"

"ಅಮಾಸಿ ಆದಮ್ಯಾಲೆ ಅಂತಾಳ ನಮ್ಮವ್ವ. ನಾ ನಂಬಂಗಿಲ್ಲ."

"ನಂಬಬ್ಯಾಡ ಬಿಡು. ಅಮಾಸಿ ದಿನ ಏನ ಮಾಡ್ತೀರಿ, ಅದನ್ನ ಹೇಳು."

ಆ ಪ್ರಶ್ನೆಗೆ ನನ್ನ ಬಳಿ ಪರವೂ ಇರಲಿಲ್ಲ, ವಿರೋಧವೂ ಇರಲಿಲ್ಲ, ಬರೀ ಉತ್ತರವಿತ್ತು. ನಮ್ಮಲ್ಲಿ ಅಂಗಡಿ ಇಟ್ಟವರೆಲ್ಲ ಮಾಡುವಂತೆ ಅಮಾವಾಸ್ಯೆಗೆ ನಾವೂ ಎಲ್ಲವನ್ನೂ ತೊಳೆದು ಪೂಜೆ ಮಾಡುತ್ತೇವೆ. ಪೂಜೆಯಲ್ಲಿ ನಂಬಿಕೆಯಿಲ್ಲವೆಂದು ವಾದಿಸಿ ಗೆದ್ದ ನಾನು, ಅದಕ್ಕೆ ಬದಲಾಗಿ ತೊಳೆಯುವ ಕೆಲಸವನ್ನು ಹಟದಿಂದ ವಹಿಸಿಕೊಂಡಿದ್ದೆ. ದೇವರು ನಿನಗಿರಲಿ, ಸ್ವಚ್ಛತೆ ನನಗಿರಲಿ ಎಂದಿದ್ದೆ. ನೆಲ, ಕತ್ತರಿ, ಕನ್ನಡಿ, ತೊಟ್ಟಿಯ ತಳದ ಕಲ್ಲುಗಳು, ಕಡೆಗೆ ಈ ಸ್ಪಂಜು. ನಳದ ಕೆಳಗೆ, ಸಾಬೂನು ಹಚ್ಚಿ, ಹೊಸದರಂತೆ ಹಳದಿಯಾಗುವವರೆಗೆ.

ಚಾಚಾ ನಗಲಿಲ್ಲ. "ಮೀನಿನ ಹೊಲಸು ನೀರಾಗ ವಿಷ ಆಗತೈತಿ. ಆ ವಿಷ ತಿನ್ನೋ ಕಣ್ಣಿಗೆ ಕಾಣದ ಜೀವ ಸ್ಪಂಜಿನ್ಯಾಗ ಇರ್ತಾವ. ಸ್ಪಂಜು ಬರೇ ಅವುಗಳ ಮನಿ. ನೀ ಮನಿ ತೊಳೀತೀನಂತ ಮನಿಮಂದೀನೂ ತೊಳದಿ."

ಎರಡೂ ಫಿಲ್ಟರುಗಳನ್ನು ಅವರೇ ಒಳಗಿಟ್ಟರು. ನಳದ ನೀರಿಗೆ ಬೆರೆಸುವ ಔಷಧವೂ ಆ ಜೀವಗಳನ್ನು ಕೊಲ್ಲುತ್ತದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಸ್ಪಂಜನ್ನು ಎರಡು ಸಲ ಹಿಂಡಿದರೆ ಸಾಕು, ಕಲ್ಲಿನ ಮೇಲೂ ಅವೇ ಇರುತ್ತವೆ, ಅದನ್ನು ಮುಟ್ಟಬೇಡ, ನೀರನ್ನೂ ಒಮ್ಮೆಲೆ ಪೂರ್ತಿ ಬದಲಿಸಬೇಡ ಎಂದರು. ಬರಿಗೈಯಲ್ಲಿ ಹಿಂದಿರುಗಿದೆ.

ದಾರಿಯುದ್ದಕ್ಕೂ ಚುಚ್ಚಿದ್ದು ಅಜ್ಞಾನವಲ್ಲ. ಅದನ್ನು ಯಾರಾದರೂ ಕ್ಷಮಿಸಿಯಾರು. ಅವ್ವನ ಮಾತಿನಲ್ಲಿ ಎರಡು ಸಂಗತಿಗಳಿದ್ದವು: ಅವಳು ಕಂಡದ್ದು ಒಂದು, ಕಂಡದ್ದಕ್ಕೆ ಅವಳು ಕೊಟ್ಟ ಕಾರಣ ಇನ್ನೊಂದು. ಕಾರಣ ಟೊಳ್ಳೆಂದು, ಅವಳು ಕಂಡದ್ದನ್ನೂ ನಾನು ಅದರೊಡನೆ ಚೆಲ್ಲಿದ್ದೆ. ತಿಂಗಳುಗಟ್ಟಲೆ ಮಷೀನಿನ ಹಿಂದಿನಿಂದ ದಿನ ಗುರುತಿಟ್ಟು ನೋಡಿದವಳು ಅವಳು. ಒಮ್ಮೆಯೂ ನೋಡದೆ ನಕ್ಕವಳು ನಾನು. ನಮ್ಮಿಬ್ಬರಲ್ಲಿ ವಿಜ್ಞಾನದ ಕಡೆಗಿದ್ದವರು ಯಾರೆಂಬುದನ್ನು ನೀವೇ ಹೇಳಿ, ಆ ವಿಷಯದಲ್ಲಿ ನಾನು ವಾದಿಸುವುದಿಲ್ಲ.

ಅವ್ವನಿಗೆ ಎಲ್ಲವನ್ನೂ ಹೇಳಿದೆ. ಮಷೀನು ನಿಂತಿತು. ಅವಳು ತೊಟ್ಟಿಯ ಕಡೆ ತಿರುಗಿದಳು.

"ಹಂಗಾರ ನಾ ಅಂದಿದ್ದು ಖರೇ ಆತಲ್ಲ. ಅಮಾಸಿಗೇ ಸತ್ತಾವ."

"ಅಮಾಸಿ ಅಲ್ಲಬೇ. ಕೊಂದಾಕಿ ನಾನು."

"ನೀ ತೊಳದಿದ್ದು ಯಾವತ್ತ ಮತ್ತ?"

ಆ ಸಲದ ಕಪ್ ಅವಳಿಗೇ ಎಂದು ಒಪ್ಪಿಕೊಂಡೆ.

ಆಮೇಲೆ ಬಂದ ಮೂರನೆಯ ಅಮಾವಾಸ್ಯೆ ಇಂದು. ತೊಟ್ಟಿಯ ನೀರನ್ನೇ ಒಂದು ತಂಬಿಗೆ ತೆಗೆದು ಅದರೊಳಗೆ ಸ್ಪಂಜನ್ನು ಎರಡು ಸಲ ಹಿಂಡಿದ್ದೇನೆ. ಅವ್ವ ಊದುಬತ್ತಿ ಹಿಡಿದುಕೊಂಡೇ ಬಂದು ನನ್ನ ಅಂಗೈಯನ್ನು ಇಣುಕಿ ನೋಡಿದಳು.

"ಇನ್ನೂ ಹೊಲಸ ಐತಲ್ಲ."

"ಇರ್ಲಿ ಬಿಡಬೇ," ಎಂದೆ.

ಕಪ್ಪಾಗಿಯೇ ಉಳಿದ ಸ್ಪಂಜನ್ನು ನೀರಿಗಿಳಿಸಿ ಗುಳ್ಳೆ ಹರಿಯಬಿಟ್ಟೆ. ಬ್ಯಾಡಗಿ ಮೂಲೆಯಿಂದ ಈಜಿ ಬಂದು, ಅದನ್ನೊಮ್ಮೆ ಬಾಯಿಂದ ಮುಟ್ಟಿ ನೋಡಿ, ಅಲ್ಲೇ ಮೇಯತೊಡಗಿತು.