ತಾರತ್ತೆಯ ಮುಂಬಾಗಿಲು

ನನ್ನ ಸೋದರತ್ತೆ ತಾರಾಬಾಯಿ ಮೂಡಲಗಿಯ ಗಂಡನ ಮನೆಯಲ್ಲಿ ಇದ್ದಷ್ಟು ಕಾಲ ಮಾವ ಹೇಳಿದಲ್ಲಿ ಕೊಡ ಇಟ್ಟರು. ಗಂಡ ತೀರಿದ ಮೇಲೆ ಗೋಕಾಕದ ನಮ್ಮ ಮನೆಗೆ ಬಂದು ತಮ್ಮ ಹೇಳಿದಲ್ಲಿ ಟ್ರಂಕು ಇಟ್ಟರು. ಆ ತಮ್ಮ ಬಾಬಾಸಾಹೇಬ, ನನ್ನ ಅಪ್ಪ. ಮದುವೆಯಲ್ಲಿ ತವರಿನವರು ಕೊಟ್ಟ ಕನ್ನಡಿಯನ್ನು ಗೋಡೆಗೆ ಹಾಕಲೇ ಎಂದು ತಾರತ್ತೆ ಕೇಳಿದ್ದಕ್ಕೆ, "ಮೊಳಿ ಬಡದ್ರ ಗ್ವಾಡಿ ಗಿಲಾವ ಉದುರತೈತಿ ಅಕ್ಕಾ" ಎಂದುಬಿಟ್ಟ. ಅಪ್ಪ ಕೆಟ್ಟವನಲ್ಲ, ಗೋಡೆಯ ವಿಷಯದಲ್ಲಿ ಮಾತ್ರ ಮಹಾ ಜಿಪುಣ. ಕನ್ನಡಿ ಟ್ರಂಕಿನಲ್ಲೇ ಉಳಿಯಿತು.

2007ರಲ್ಲಿ ನಾನು ಬಸ್‌ಸ್ಟ್ಯಾಂಡಿನ ಹತ್ತಿರ ನೆಟ್ ಸೆಂಟರ್ ನಡೆಸುತ್ತಿದ್ದೆ. ನನಗೆ ಬುತ್ತಿ ತಂದ ತಾರತ್ತೆ, ನಾನು ಆಡುತ್ತಿದ್ದ ಆನ್‌ಲೈನ್ ಆಟದಲ್ಲಿ ಮನೆಯೊಂದನ್ನು ನೋಡಿ ನಿಂತುಬಿಟ್ಟರು.

"ಯಾರ್ದ ಮನಿ ಇದು, ಶ್ರದ್ಧಾ?"

"ಆಡವ್ರ್ದ."

"ನಾ ಆಡಿದ್ರ?"

"ನಿಂದ."

ಅಷ್ಟೇ. ಮರುದಿನದಿಂದ ಮೂಲೆಯ ಕಂಪ್ಯೂಟರ್ ಅವರ ಪಾಲಾಯಿತು. ಇಂಗ್ಲಿಷ್ ಬರದಿದ್ದರೇನು, ಮೌಸ್ ಹಿಡಿದು ಮಂಚ ಎಳೆದರು, ಗೋಡೆಗೆ ಅರಿಸಿನ ಬಣ್ಣ ಬಳಿದರು, ಪಡಸಾಲೆಗೆ ತೂಗುಮಂಚ ಹಾಕಿದರು. ಅಲ್ಲಿನ ಕನ್ನಡಿಯನ್ನಂತೂ ಐದಾರು ಗೋಡೆಗೆ ಬದಲಿಸಿ ನೋಡಿದರು. ಯಾರನ್ನೂ ಕೇಳದೆ ಬದಲಿಸುವುದೇ ಅವರಿಗೆ ಹಬ್ಬ.

ಆ ಆಟದಲ್ಲಿ ಬಾಗಿಲು ತೆರೆದಿಟ್ಟರೆ ಬಂದವರು ಸಾಮಾನು ಹೊತ್ತೊಯ್ಯಬಹುದು. ನಾನು ಬಡಿದುಕೊಂಡು ಹೇಳಿದ್ದೆ. ಆದರೆ ತಾರತ್ತೆ ಮನೆಗೆ ಹೊರಡುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಆ ಹೊತ್ತಿನಲ್ಲಿ ಮುಂಬಾಗಿಲು ಹಾಕಿದರೆ ಲಕ್ಷ್ಮಿ ಹಿಂದಿರುಗಿ ಹೋಗುತ್ತಾಳೆ! ಒಂದು ಸಂಜೆ ಆಟದ ಮನೆಯ ಹಿತ್ತಲ ಬಾಗಿಲಿಗೆ ಬೀಗ ಜಡಿದು, ಮುಂದಿನದನ್ನು ಹಾರು ಹೊಡೆದು ಎದ್ದರು. ಮರುದಿನ ನೋಡಿದರೆ ಮನೆ ಬಟಾಬಯಲು. ಕನ್ನಡಿಯೂ ಇಲ್ಲ.

ನನಗೆ ಮೈ ಉರಿದುಹೋಯಿತು. ಬೀಗ ಹಾಕಲು ಕೈ ಚಾಚಿದೆ. ತಾರತ್ತೆ ನನ್ನ ಕೈ ಹಿಡಿದರು.

"ನೀ ಹಾಕಬ್ಯಾಡ."

"ಮತ್ತ ಕಳವ ಆಗತೈತಿ ಅತ್ತಿ!"

"ಆಗ್ಲಿ. ಮತ್ತ ಕಟ್ಟತೇನಿ. ನನ್ನ ಮನಿ ಬಾಗಲಾ ತಗಿಯೂದು, ಹಾಕೂದು ನಾ ನೋಡ್ಕೋತೇನಿ."

ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. ಅಂದೇ ಬರಿಗೋಡೆಗೆ ಬಣ್ಣ ಬಳಿಯತೊಡಗಿದರು. ಸಂಜೆ ನನ್ನನ್ನು ಕರೆಯಲು ಬಂದ ಅಪ್ಪ ಇಣುಕಿ ನೋಡಿ ನಕ್ಕ. "ಸುಳ್ಳ ಮನಿಗೆ ಇಷ್ಟ ಯಾಕ ಒದ್ದಾಡತಿ, ಅಕ್ಕಾ?"

ತಾರತ್ತೆ ಮೌಸ್ ಬಿಟ್ಟು ಎದ್ದರು. ಪರದೆಯ ಮೇಲಿನ ಮುಂಬಾಗಿಲು ತೆರೆದೇ ಇತ್ತು.

ಮನೆ ತಲುಪಿ ದೀಪ ಹಚ್ಚಿ, ಟ್ರಂಕು ತೆಗೆದು ಕನ್ನಡಿಯನ್ನು ಸೆರಗಿನಿಂದ ಒರೆಸಿದರು. ಅಪ್ಪ ಆಗತಾನೇ ಚಹಾದ ಕಪ್ಪು ಬಾಯಿಗಿಟ್ಟಿದ್ದ.

"ಬಾಬಾಸಾಹೇಬಾ, ಸುತ್ತಿಗಿ ಎಲ್ಲೈತಿ?"

"ಯಾಕ?"

"ಎಲ್ಲೈತಿ ಅಂತ ಅಷ್ಟ ಕೇಳೇನಿ."

ಅಪ್ಪ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ. ಅವನೇ ಎದ್ದು ಹೋಗಿ ಸುತ್ತಿಗೆ, ಮೊಳೆ ತಂದುಕೊಟ್ಟ. ಮೊದಲ ಏಟಿಗೆ ಒಂದಿಷ್ಟು ಗಿಲಾವು ಉದುರಿತು. ತಾರತ್ತೆ ಎರಡನೆಯ ಏಟು ಹಾಕಿದರು.