ಇಳಿಸಿದ ಬಲಗೈ

ಬೆಳಗ್ಗೆ ಆರೂವರೆ. ಚೀನಾದ ಗ್ವೀಝೌ ಗುಡ್ಡಗಳ ಮಂಜು ಇನ್ನೂ ಶಾಲೆಯ ಮೈದಾನ ಬಿಟ್ಟಿಲ್ಲ, ಆಗಲೇ ಎರಡನೇ ಮಹಡಿಯಲ್ಲಿ ಐವತ್ತೆಂಟು ಗಂಟಲುಗಳು ಒಟ್ಟಿಗೆ ಅರಚುತ್ತಿವೆ: "ಟೀಚ್, ಟೀಚರ್. ಹ್ಯಾಪಿ, ಅನ್‌ಹ್ಯಾಪಿ. ಕೇರ್, ಕೇರ್‌ಫುಲ್, ಕೇರ್‌ಲೆಸ್." ಬೆಂಚುಗಳ ನಡುವೆ ಮು ರುಯಿಫಾಂಗ್ ಓಡಾಡುತ್ತಿದ್ದಾರೆ. ಒಂದು ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು; ಇನ್ನೊಂದು ಕೈ ತೂಕಡಿಸುವವರ ಬೆನ್ನು ತಟ್ಟುವುದಕ್ಕೆ. ಅವರ ಸ್ವಂತ ಗಂಟಲು ಕೈಕೊಟ್ಟು ಎಷ್ಟೋ ವರ್ಷವಾಗಿದೆ. ಈಗ ಕಿವಿಗೆ ಸಿಕ್ಕಿಸಿದ ಪುಟ್ಟ ಮೈಕು, ಸೊಂಟಕ್ಕೊಂದು ಸ್ಪೀಕರು. ಸಂತೆಯಲ್ಲಿ ಇಲಿಪಾಷಾಣ ಮಾರುವವನೂ ಇಂಥದ್ದನ್ನೇ ಕಟ್ಟಿಕೊಂಡಿರುತ್ತಾನೆ ಎಂದು ಅವರೇ ನಗುತ್ತಾರೆ.

"ಕಿಟಕಿ ಪಕ್ಕದವರು ಬರೀ ಬಾಯಿ ಆಡಿಸ್ತಿದ್ದೀರಲ್ಲಪ್ಪ. ದನಿ ಏನು, ಮನೇಲೇ ಬಿಟ್ಟು ಬಂದ್ರಾ?" ಸ್ಪೀಕರು ಕೇಳುತ್ತದೆ. ಕಿಟಕಿ ಪಕ್ಕದ ದನಿ ಏರುತ್ತದೆ.

ಮು ಟೀಚರು ಬಡಗಿಯ ಮಗಳು. ಹದಿನೆಂಟಕ್ಕೇ ಕೆಲಸಕ್ಕೆ ಸೇರಿದರು. ಅವರ ಇಂಗ್ಲಿಷು ರೇಡಿಯೋ ಕೇಳಿ, ಕಪ್ಪುಹಲಗೆ ನೋಡಿ ಬಂದದ್ದು. ಆ ಭಾಷೆಯವರೊಬ್ಬರ ಜೊತೆ ಇವತ್ತಿನವರೆಗೂ ಒಂದು ಮಾತಾಡಿಲ್ಲ. ಆದರೆ ಈ ಪಟ್ಟಣದಲ್ಲಿ ಯಾರ ಬಾಯಲ್ಲಾದರೂ ನಾಲ್ಕು ಇಂಗ್ಲಿಷ್ ಪದ ಇದ್ದರೆ, ಅವು ಹೆಚ್ಚುಕಡಿಮೆ ಅವರು ಕೂರಿಸಿದ ಪದಗಳೇ. ಹುಡುಗರು ಮುಂದೆ ದೊಡ್ಡ ಊರಿನ ಕಾಲೇಜು ಸೇರಿ ಹೆಸರು ಮಾಡಿದಾಗ ಪತ್ರಿಕೆಯಲ್ಲಿ ಬರುವುದು ಅಲ್ಲಿನ ಮೇಷ್ಟ್ರುಗಳ ಫೋಟೋ. ಅದಕ್ಕೆ ಅವರಿಗೆ ಬೇಸರವೇನಿಲ್ಲ.

"ಪದ ಅಂದ್ರೆ ನಮ್ಮಪ್ಪ ಮಾಡ್ತಿದ್ದ ಸ್ಟೂಲ್ ಥರ," ಎನ್ನುತ್ತಾರೆ. "ಹಲಗೆ ಅದೇ ಇರುತ್ತೆ. ಹಿಂದೊಂದು ಒರಗು ಕೂರಿಸಿದ್ರೆ ಕುರ್ಚಿ ಆಗುತ್ತೆ. ಮಕ್ಕಳಿಗೆ ಎಲ್ಲಿ ಏನು ಕೂರಿಸ್ಬೇಕು ಅಂತ ತೋರಿಸಿದ್ರೆ ಸಾಕು, ಆಮೇಲೆ ಅವರೇ ಮಾಡ್ಕೋತಾರೆ."

ದಿನಕ್ಕೆ ಎರಡು ತರಗತಿ, ನೂರಹದಿನಾರು ಕಾಪಿ ಪುಸ್ತಕ, ಸಂಜೆ ಮತ್ತೆ ಓದಿಸುವುದು. ಇಷ್ಟೆಲ್ಲ ಮಾಡುವವರು ಅಧ್ಯಾಪಕರ ಕೋಣೆಯಲ್ಲಿ ಮಾತ್ರ ಗೋಡೆಗೆ ಬೆನ್ನು ಹಾಕಿ ಕೂರುತ್ತಾರೆ. ಆ ಗೋಡೆಯ ಮೇಲೆ ಕಳೆದ ವರ್ಷ ಅವರ ಪಾಠಕ್ಕೆ ಬಂದ ಬಹುಮಾನ ಪತ್ರ ಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ. ಅದನ್ನು ನೋಡಿದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಮೇಲಿನ ಅಧಿಕಾರಿಗಳು ಬಂದು ಹಿಂದಿನ ಸಾಲಿನಲ್ಲಿ ಕೂತು ನೋಡುವ ಪಾಠಕ್ಕೆ ಇಲ್ಲಿ ಒಂದು ಗುಟ್ಟಿನ ಏರ್ಪಾಡಿದೆ. ಪ್ರಶ್ನೆ ಕೇಳಿದ ತಕ್ಷಣ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಟೀಚರು ಬಲಗೈಯವರನ್ನೇ ಎಬ್ಬಿಸುತ್ತಾರೆ. ನೋಡುವವರಿಗೆ ತರಗತಿಯ ತುಂಬ ಜಾಣರು. ಬಂದವರೂ ಒಂದು ಕಾಲದಲ್ಲಿ ಪಾಠ ಮಾಡಿದವರೇ, ಅವರಿಗೇನು ತಿಳಿಯದ್ದಲ್ಲ. ಆದರೂ ಯಾರೂ ಬಾಯಿ ಬಿಡುವುದಿಲ್ಲ.

ಕಳೆದ ವರ್ಷ "ಪಾಸಿಬಲ್‌ಗೆ ವಿರುದ್ಧ ಪದ ಮಾಡಿ" ಎಂದು ಕೇಳಿದಾಗ ಮೂರನೇ ಸಾಲಿನ ಪೆಂಗ್ ಶಿಯಾವ್ಹೆ ಬಲಗೈ ಎತ್ತಿದಳು. ಅಜ್ಜಿಯ ಅಕ್ಕಿ ಶಾವಿಗೆ ಅಂಗಡಿಯಲ್ಲಿ ಬೆಳೆಯುತ್ತಿರುವ ಹುಡುಗಿ, ಅಲ್ಲಿಯವರೆಗೆ ಅವಳದ್ದು ಯಾವಾಗಲೂ ಎಡಗೈ. ಮು ಟೀಚರು, ಹುಡುಗಿ ಎಡಬಲ ಮರೆತಿದ್ದಾಳೆ ಎಂದುಕೊಂಡರು. ನಗುನಗುತ್ತಲೇ ಬೆಂಚಿನ ಬಳಿ ಹೋಗಿ, ಯಾರಿಗೂ ಕಾಣದ ಹಾಗೆ ಆ ಕೈಯನ್ನು ಹಿಡಿದು ಕೆಳಗಿಳಿಸಿದರು. ಶಿಯಾವ್ಹೆ ಒಂದು ಕ್ಷಣ ಅವರ ಮುಖ ನೋಡಿ ಎಡಗೈ ಎತ್ತಿದಳು.

ಪಾಠ ಮುಗಿದ ಮೇಲೆ ಪಕ್ಕದಲ್ಲಿ ಕೂರುವ ಹುಡುಗಿ ತಡೆಯಲಾರದೆ ಹೇಳಿಬಿಟ್ಟಳು: "ಅವಳಿಗೆ ಗೊತ್ತಿತ್ತು ಟೀಚರ್. ವಾರವೆಲ್ಲ ಅಂಗಡೀಲಿ ಬಟ್ಟಲು ತೊಳೀತಾ ಬಾಯಿಪಾಠ ಮಾಡಿದ್ಲು."

ಮು ಟೀಚರು ಮರುದಿನವೇ ಅವಳನ್ನು ಕರೆದು ತಪ್ಪಾಯಿತು ಎಂದರು. "ಪರವಾಗಿಲ್ಲ ಟೀಚರ್," ಎಂದಳು ಹುಡುಗಿ. ಆ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಆವತ್ತಿನಿಂದ ಶಿಯಾವ್ಹೆ ಯಾವ ಕೈಯನ್ನೂ ಎತ್ತಿಲ್ಲ.

ಇವತ್ತು ಮತ್ತೆ ಅಂಥದ್ದೇ ಪಾಠ. ಬೆಳಗಿನ ಓದು ಮುಗಿಯುತ್ತಿದ್ದಂತೆ ಮುಖ್ಯೋಪಾಧ್ಯಾಯ ಶಿಯಾಂಗ್ ಬಾಗಿಲಲ್ಲಿ ನಿಂತಿದ್ದಾರೆ.

"ಮು ಮೇಡಂ, ಹೋದ ಸಲದ ಹಾಗೇ ಆಗ್ಲಿ. ಎಡಬಲ ಇನ್ನೊಂದ್ಸಲ ಹೇಳ್ಬಿಡಿ."

"ಈ ಸಲ ಎಡಬಲ ಇಲ್ಲ ಸರ್. ಗೊತ್ತಿದ್ದವರು ಎತ್ತಲಿ."

"ಹತ್ತು ಕೈ ಏಳುತ್ತೆ ಅಷ್ಟೆ. ಶಾಲೆ ಮರ್ಯಾದೆ ಏನಾಗ್ಬೇಕು?"

"ಎತ್ತಿದ ಕೈನ ನಾನೇ ಇಳಿಸಿದೀನಿ ಸರ್. ಇನ್ನೊಂದ್ಸಲ ಆಗಲ್ಲ."

ಶಿಯಾಂಗ್ ಗಡಿಯಾರ ನೋಡಿಕೊಂಡು, ಏನಾದರೂ ಮಾಡಿಕೊಳ್ಳಿ ಎಂಬಂತೆ ಹೊರಡುತ್ತಾರೆ.

ಪಾಠದಲ್ಲಿ ಹತ್ತು ಕೈಯೂ ಏಳುವುದಿಲ್ಲ. "ಆರ್ಟ್ ಮಾಡುವವರನ್ನು ಏನನ್ನುತ್ತೇವೆ?" ಎಂಬ ಕೊನೆಯ ಪ್ರಶ್ನೆಗೆ ಏಳುವುದು ನಾಲ್ಕೇ ಕೈ. ಅದರಲ್ಲೊಬ್ಬ ಎದ್ದು ನಿಂತು "ಆರ್ಟರ್" ಎನ್ನುತ್ತಾನೆ, ತರಗತಿ ಕಿಸಕ್ಕೆನ್ನುತ್ತದೆ. ಹಿಂದಿನ ಸಾಲಿನ ಅಧಿಕಾರಿ ಪೆನ್ನಿನ ಮುಚ್ಚಳ ಹಾಕುತ್ತಾರೆ. ಶಿಯಾಂಗ್ ಫ್ಯಾನು ನೋಡುತ್ತಾರೆ. ಮು ಟೀಚರು ಮೂರನೇ ಸಾಲನ್ನೇ ನೋಡುತ್ತಿದ್ದಾರೆ. ಶಿಯಾವ್ಹೆಯ ಎರಡೂ ಕೈಗಳು ಬೆಂಚಿನ ಕೆಳಗಿವೆ.

ಮಧ್ಯಾಹ್ನ ತರಗತಿ ಗುಡಿಸುವ ಸರದಿ ಅವಳದ್ದು. ಉಳಿದವರು ಊಟಕ್ಕೆ ಓಡಿದ್ದಾರೆ. ಒದ್ದೆ ಬಟ್ಟೆಯಿಂದ ಹಲಗೆ ಒರೆಸುತ್ತಾ, ತಿರುಗಿ ನೋಡದೆ ಹುಡುಗಿ ಹೇಳುತ್ತಾಳೆ: "ಆರ್ಟಿಸ್ಟ್ ಅಲ್ವಾ ಟೀಚರ್?"

ಮು ಟೀಚರು ಸೊಂಟದ ಸ್ಪೀಕರು ಆರಿಸುತ್ತಾರೆ. ಒಡೆದ ಗಂಟಲಲ್ಲೇ ಕೇಳುತ್ತಾರೆ: "ಹೌದು ಕಣಮ್ಮ. ಗೊತ್ತಿದ್ರೂ ಯಾಕೆ ಕೈ ಎತ್ತಲಿಲ್ಲ?"

ಶಿಯಾವ್ಹೆ ಬಟ್ಟೆ ಹಿಂಡುತ್ತಾಳೆ. "ನೀವು ಇಳಿಸಿಬಿಟ್ರೆ ಅಂತ."

ಹುಡುಗಿ ಬಕೆಟ್ಟು ಹಿಡಿದು ನಲ್ಲಿಯ ಕಡೆ ಹೋಗುತ್ತಾಳೆ.

ಈ ಸಲ ಬಹುಮಾನ ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಗೋಡೆಯ ಮೇಲಿನ ಹಳೆಯದನ್ನೂ ಇಳಿಸಿಬಿಡಿ ಎಂದು ಮು ಟೀಚರು ಎರಡು ಸಲ ಕೇಳಿದ್ದಾರೆ, ಶಿಯಾಂಗ್ ಒಪ್ಪಿಲ್ಲ. ಪರೀಕ್ಷೆಗೆ ಇನ್ನು ಎರಡು ತಿಂಗಳಿದೆ. ಆಮೇಲೆ ಈ ಮಕ್ಕಳೆಲ್ಲ ಬೇರೆ ಬೇರೆ ಕಡೆ ಹೋಗುತ್ತಾರೆ. ಅಷ್ಟರೊಳಗೆ ಏನಾಗಬೇಕು ಎಂದು ಕೇಳಿದರೆ ಮು ಟೀಚರು ಫ್ಲಾಸ್ಕಿನ ಮುಚ್ಚಳ ತಿರುವುತ್ತಾ ಹೇಳುತ್ತಾರೆ:

"ಆ ಹುಡುಗಿ ಕೈ ಎತ್ತೋದನ್ನ ಒಂದ್ಸಲ ನೋಡ್ಬೇಕು. ತಪ್ಪು ಉತ್ತರ ಹೇಳಿದ್ರೂ ಸರಿ. ಯಾವ ಕೈಯಾದ್ರೂ ಸರಿ."