ಉಳವಿಯ ಗ್ಯಾಸ್ ಗುಂಡಿಗೆ ಇಳಿಬಿಟ್ಟ ದೀಪ

ಬೆಳಿಗ್ಗೆ ಆರೂವರೆಗೆ ಶಿವಮೊಗ್ಗದಲ್ಲಿ ಶಿಕಾರಿಪುರದ ಬಸ್ಸು ಹತ್ತಿದೆ. ಚೀಲದಲ್ಲಿ ಒಂದು ಜೊತೆ ಬಟ್ಟೆ, ಒಂದು ಕಟ್ಟು ಸರ್ಕಾರಿ ನಮೂನೆ, ದಿಲ್ಲಿಯಿಂದ ಇಳಿದುಬಂದ ಕಾಗದದ ಜೆರಾಕ್ಸ್ ಪ್ರತಿ. ತೊಂಬತ್ತರ ದಶಕದ ನಡುವಿನ ಮಾತು. ಸಂಕ್ರಾಂತಿ ಕಳೆದು ವಾರವಾಗಿತ್ತು, ಕಿಟಕಿಯ ಗಾಜು ಮುಚ್ಚಿದರೂ ಚಳಿ ಒಳಗೆ ಬರುತ್ತಿತ್ತು.

ದಿಲ್ಲಿಯ ಕಾಗದದಲ್ಲಿ ಇದ್ದದ್ದು ಇಷ್ಟು. ಸಗಣಿ, ಸೊಪ್ಪು, ಸೌದೆ, ಹೊಟ್ಟು ಎಲ್ಲ ಸೇರಿ ‘ಜೀವರಾಶಿ’. ಅದು ಎಂದೂ ಮುಗಿಯದ ಸಂಪತ್ತು. ಅದನ್ನು ಇಂಧನವಾಗಿ ಬಳಸಲು ದೇಶಕ್ಕೊಂದು ನೀತಿ ಬೇಕು. ಆ ನೀತಿಯ ಬಗ್ಗೆ ಬೆಂಗಳೂರಿನಲ್ಲೊಂದು ಸಭೆ, ಸಭೆಗೆ ಲೆಕ್ಕ ಬೇಕು: ಯಾವ ತಾಲ್ಲೂಕಿನಲ್ಲಿ ಎಷ್ಟು ಗೋಬರ್ ಗ್ಯಾಸ್ ಘಟಕ ನಡೆಯುತ್ತಿವೆ? ನಾನು ಆ ಘಟಕಗಳನ್ನು ಕಟ್ಟಿಸುವ ಮೇಲ್ವಿಚಾರಕ. ಕಾಗದ ಓದಿ, ಇದನ್ನು ಬರೆದವರು ಒಂದು ಕೊಟ್ಟಿಗೆಯನ್ನೂ ಬಗ್ಗಿ ನೋಡಿಲ್ಲ ಎಂದು ಆಫೀಸಿನಲ್ಲಿ ನಕ್ಕಿದ್ದೆ. ನಾನು ನೂರು ಕೊಟ್ಟಿಗೆ ನೋಡಿದ್ದೆ. ನೋಡಿ ಏನು ಕಡಿದು ಕಟ್ಟೆ ಹಾಕಿದೆ ಎಂಬುದನ್ನು ಈಗ ಹೇಳುತ್ತೇನೆ.

ಹೊರಡುವುದಕ್ಕೆ ಒಂದು ವಾರ ಮೊದಲು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಘಟಕವಿದ್ದ ಮನೆಗಳಿಗೆ, ನಾನು ಬರುವ ತಾರೀಖು ನಮೂದಿಸಿ, ಅಂಚೆ ಕಾರ್ಡು ಹಾಕಿದ್ದೆ. ‘ತಪಾಸಣೆಯ ದಿನ ತಮ್ಮ ಘಟಕವನ್ನು ಸುಸ್ಥಿತಿಯಲ್ಲಿ ಇಡತಕ್ಕದ್ದು.’ ಮೇಲಿನವರು ಹೇಳಿದ್ದು ಇಷ್ಟೇ. ಕಾರ್ಡು ಬರೀ ಸಪ್ಪೆಯಾಯಿತು ಅನ್ನಿಸಿ ಇನ್ನೊಂದು ಸಾಲು ನಾನೇ ಸೇರಿಸಿದೆ: ‘ತಪ್ಪಿದಲ್ಲಿ ಸಹಾಯಧನ ವಾಪಸು ಪಡೆಯಲಾಗುವುದು.’ ಜನ ಹೆದರಲಿ, ಸ್ವಲ್ಪ ಚುರುಕಾಗಲಿ ಅಂತ. ಅಂಥ ಆದೇಶ ಯಾವ ಕಡತದಲ್ಲೂ ಇರಲಿಲ್ಲ.

ಐವತ್ತು ಚಿಲ್ಲರೆ ಕಿಲೋಮೀಟರ್ ದಾರಿ, ಹನ್ನೆರಡು ರೂಪಾಯಿ ಟಿಕೆಟ್ಟು. ಶಿಕಾರಿಪುರದ ನಿಲ್ದಾಣದ ಎದುರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಕೊನೆಗೊಂದು ಟೆಂಪೋದಲ್ಲಿ ನಿಂತುಕೊಂಡೇ ಬಂದಳಿಕೆ ಮುಟ್ಟಿದಾಗ ಮಧ್ಯಾಹ್ನ ಆಗಿತ್ತು. ಮೈಯೆಲ್ಲ ಧೂಳು. ಅಲ್ಲಿಯ ಹಳೆಯ ಗುಡಿಗಳನ್ನು ಇನ್ನೊಂದು ಸಲ ಬಂದಾಗ ನೋಡಿದರಾಯಿತು ಎಂದು ಸೀದಾ ಚನ್ನಬಸಪ್ಪನವರ ಮನೆಗೆ ಹೋದೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತಿನ ರೈತ.

“ಬರ್ರಿ ಬರ್ರಿ, ನಿಮ್ಮ ಕಾರ್ಡು ನೋಡಿ ನಮ್ಮನ್ಯಾಕಿ ಗ್ಯಾಸಿನ ಒಲಿಗೂ ಪೂಜಿ ಮಾಡ್ಯಾಳ್ರಿ,” ಎಂದು ನಕ್ಕರು.

ಅವರ ಕೊಟ್ಟಿಗೆಗೆ ಕಲ್ಲುಚಪ್ಪಡಿ ಹಾಸಿದೆ. ದನ ನಿಲ್ಲುವುದು ಬರೀ ಕಲ್ಲಿನ ಮೇಲೆ, ಸಗಣಿ ಬೀಳುವುದು ಬರೀ ಕಲ್ಲಿನ ಮೇಲೆ. ಬಾಚಿದರೆ ಬೆಣ್ಣೆಯ ಹಾಗೆ ಬರುತ್ತದೆ. ನೀರು ಬೆರೆಸಿ ತೊಟ್ಟಿಗೆ ಸುರಿದರೆ ಸಾಕು, ನೆಲದೊಳಗಿನ ಇಟ್ಟಿಗೆ ಗುಮ್ಮಟದಲ್ಲಿ ಗ್ಯಾಸು ತುಂಬಿಕೊಳ್ಳುತ್ತದೆ. ಅವರ ಮನೆಯಾಕೆ ಒಲೆ ತಿರುಗಿಸಿ ಕಡ್ಡಿ ಗೀರಿದರು. ಭಪ್ ಎಂದು ನೀಲಿ ಉರಿ. ಸಂಜೆ ನಾಲ್ಕೂವರೆಗೆ ಆ ಉರಿಯಲ್ಲಿ ಕಾಸಿದ ಚಹಾ ಕುಡಿದೆ, ರೊಟ್ಟಿ, ಬದನೆಕಾಯಿ ಪಲ್ಯ ಉಂಡೆ. ನಮೂನೆಯಲ್ಲಿ ಎರಡೇ ಕಾಲಂ: ‘ಚಾಲನೆಯಲ್ಲಿದೆ’, ‘ಚಾಲನೆಯಲ್ಲಿಲ್ಲ’. ಮೊದಲನೆಯದಕ್ಕೆ ದಪ್ಪಗೆ ಗುರುತು ಹಾಕಿದೆ. ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ರಾತ್ರಿ ಅಲ್ಲೇ ಮಲಗಿ, ಮರುದಿನ ಬೆಳಿಗ್ಗೆ ಸೊರಬಕ್ಕೆ ಬಂದು ಉಳವಿಯ ಬಸ್ಸು ಹಿಡಿದೆ. ಶಿರಾಳಕೊಪ್ಪ ದಾಟಿದ ಮೇಲೆ ನೆಲದ ಬಣ್ಣ, ಮರದ ಎತ್ತರ ಎಲ್ಲ ಬೇರೆಯಾಗುತ್ತದೆ. ದಾರಿಯುದ್ದಕ್ಕೂ ಹೆಂಗಸರು ತಲೆಯ ಮೇಲೆ ತರಗೆಲೆ ತುಂಬಿದ ದೊಡ್ಡ ದೊಡ್ಡ ಜಲ್ಲೆ ಬುಟ್ಟಿ ಹೊತ್ತು ಕಾಡಿನಿಂದ ಬರುತ್ತಿದ್ದರು. ಈ ಕಡೆ ದನ ಕಲ್ಲಿನ ಮೇಲೆ ನಿಲ್ಲುವುದಿಲ್ಲ. ಕೊಟ್ಟಿಗೆಗೆ ದಿನವೂ ಸೊಪ್ಪು ಹಾಸುತ್ತಾರೆ, ಸಗಣಿ, ಗಂಜಲ ಅದರ ಮೇಲೆ ಬಿದ್ದು, ದನ ತುಳಿದು, ಒಂದೇ ಮುದ್ದೆಯಾಗುತ್ತದೆ. ಅದೇ ಗದ್ದೆ ತೋಟಕ್ಕೆ ಗೊಬ್ಬರ. ಆ ಸೊಪ್ಪು ಗುಮ್ಮಟದೊಳಗೆ ಹೋದರೆ ಕೊಳೆಯುವುದಿಲ್ಲ, ಮೇಲೆ ತೇಲಿ ಚಾಪೆಯ ಹಾಗೆ ಕೂತು ಗ್ಯಾಸಿನ ಬಾಯಿ ಕಟ್ಟಿಬಿಡುತ್ತದೆ. ದಿಲ್ಲಿಯ ಕಾಗದ ಸೊಪ್ಪು, ಸಗಣಿ ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿತ್ತು. ಬಂದಳಿಕೆಗೂ ಉಳವಿಗೂ ನಾವು ಕೊಟ್ಟದ್ದು ಒಂದೇ ನಕ್ಷೆ.

ಉಳವಿಯ ರೈತ ಮಂಜಪ್ಪ ಮೂರು ವರ್ಷದ ಹಿಂದೆ ಘಟಕ ಕಟ್ಟಿಸುವಾಗಲೇ ಇದನ್ನು ಕೇಳಿದ್ದ. “ಸೊಪ್ಪು ಸೇರಿದ್ರೆ ನಡೀತದಾ ಸಾರ್?” ಮಾರ್ಚ್ ತಿಂಗಳು, ನಮ್ಮ ಗುರಿ ಮುಗಿದಿರಲಿಲ್ಲ. “ನಡೀತದೆ ಮಾರಾಯ, ಒಂಚೂರು ಆರಿಸಿ ಹಾಕು,” ಎಂದಿದ್ದೆ. ಹೇಳಿದ್ದು ಬಸ್ಸಿನಲ್ಲಿ ನೆನಪಾಯಿತು. ನೆನಪಾದದ್ದಕ್ಕೆ ಸಿಟ್ಟೂ ಬಂತು.

ಮಂಜಪ್ಪನ ಮನೆ ಬಾಗಿಲು ಹಾಕಿತ್ತು. ಹಿತ್ತಲಿಗೆ ಹೋದರೆ ಗ್ಯಾಸ್ ಗುಂಡಿಯ ಪಕ್ಕದಲ್ಲಿ ಕಪ್ಪು ಸೊಪ್ಪಿನ ರಾಶಿ, ಒದ್ದೆ ಹಗ್ಗ, ಎರಡು ಬಕೆಟ್ಟು. ಗ್ಯಾಸು ಬಿಟ್ಟು ಮುಗಿದ ಸಗಣಿ ಹೊರಗೆ ಬರುವ ಬಾಯಿ ಒಂದಿರುತ್ತದೆ, ಒಬ್ಬ ಆಳು ಇಳಿಯುವಷ್ಟು ಅಗಲ. ಅದರ ಅಂಚಿನ ಹುಲ್ಲು ಸುಟ್ಟಿತ್ತು.

ಪಕ್ಕದ ಮನೆಯ ಹುಚ್ಚಪ್ಪಜ್ಜ ಬೇಲಿಯ ಆಚೆಯಿಂದ ಬಂದರು. ಹುಬ್ಬು ಸುಟ್ಟು ಮೊಂಡಾಗಿತ್ತು.

“ಏನಾಯ್ತು ಅಜ್ಜ?” ಎಂದೆ.

“ಏನಾಗ್ತದೆ? ನಿಮ್ಮ ಕಾರ್ಡು ಬಂತಲ್ಲ. ಎರಡು ವರ್ಷದಿಂದ ಕಟ್ಟಿಹೋಗಿತ್ತು ಇದು. ಸಾಹೇಬ್ರು ನಾಳೆ ಬರ್ತಾರೆ, ಸರಿ ಮಾಡಿಡದೆ ಇದ್ರೆ ದುಡ್ಡು ವಾಪಸ್ ಕೇಳ್ತಾರೆ ಅಂತ ಮಂಜ ನಿನ್ನೆ ಗುಂಡಿ ಖಾಲಿ ಮಾಡೋಕೆ ನಿಂತ. ಬಗ್ಗಡ ಎಲ್ಲ ಮೊಗೆದು ಹಾಕಿದ್ವಿ. ಒಳಗಿನ ಸೊಪ್ಪು ಕೀಳೋಕೆ ಇಳೀಬೇಕಿತ್ತು.”

“ಇಳಿದ್ನಾ?”

“ನಾವೇನು ಹೆಡ್ಡರಾ ಸಾರ್?” ಅಜ್ಜನ ದನಿ ಏರಿತು. “ಬಾವಿ ತೋಡೋ ಕೈ ಇದು. ಬಾವಿಗೆ ಇಳಿಯೋ ಮೊದ್ಲು ದೀಪ ಇಳಿಬಿಡ್ತೀವಿ. ದೀಪ ಆರಿದ್ರೆ ಒಳಗೆ ಕೆಟ್ಟ ಗಾಳಿ, ಮನುಷ್ಯ ಇಳಿಯೋ ಹಂಗಿಲ್ಲ. ಉರಿತಾ ಇದ್ರೆ ಇಳೀಬಹುದು. ನಮ್ಮಪ್ಪನ ಕಾಲದಿಂದ ಹಂಗೇ. ನಿನ್ನೆನೂ ಬುಡ್ಡಿದೀಪಕ್ಕೆ ಹಗ್ಗ ಕಟ್ಟಿದ್ವಿ. ಮಂಜ ಬಗ್ಗಿ ನೋಡ್ತಾ ಇಳಿಬಿಟ್ಟ.”

ಅಜ್ಜ ಸುಟ್ಟ ಹುಲ್ಲಿನ ಕಡೆ ಕೈ ತೋರಿಸಿದರು. ಬಾವಿಯ ಕೆಟ್ಟ ಗಾಳಿ ದೀಪ ಆರಿಸುತ್ತದೆ; ಇಲ್ಲಿ ಚಾಪೆಗಟ್ಟಿದ ಸೊಪ್ಪಿನಡಿ ಇದ್ದದ್ದು ದೀಪ ತಗುಲಿದರೆ ಭಗ್ ಎಂದು ಹೊತ್ತಿಕೊಳ್ಳುವ ಗ್ಯಾಸು. ಅಂಥದ್ದರ ಬಾಯಿಗೆ ಅವರು ಜಾಗ್ರತೆಯಿಂದ, ಜೀವ ಉಳಿಸಿಕೊಳ್ಳಲೆಂದೇ, ಬೆಂಕಿ ಇಳಿಸಿದ್ದರು.

“ಎಷ್ಟು ಹೊತ್ತಿಗೆ?” ಎಂದೆ.

“ನಾಕೂವರೆ ಬಸ್ಸು ಆಗಷ್ಟೇ ಹೋಗಿತ್ತು.”

ನಾನು ಬಂದಳಿಕೆಯಲ್ಲಿ ನೀಲಿ ಉರಿ ನೋಡುತ್ತ ಚಹಾ ಕುಡಿಯುತ್ತಿದ್ದ ಹೊತ್ತು. ಥೂ ನನ್ನ ಜನ್ಮಕ್ಕೆ.

ಮಧ್ಯಾಹ್ನದ ಬಸ್ಸಿಗೆ ಸೊರಬಕ್ಕೆ ವಾಪಸಾದೆ. ಆಸ್ಪತ್ರೆಯ ಕೊನೆಯ ಮಂಚದಲ್ಲಿ ಮಂಜಪ್ಪ ಮಲಗಿದ್ದ. ಮುಖಕ್ಕೆ ಬಿಳಿ ಮುಲಾಮು, ಎರಡೂ ಕೈಗೆ ಬಟ್ಟೆ, ಬಲಗಣ್ಣಿಗೆ ಪಟ್ಟಿ. ಆ ಕಣ್ಣಿನ ವಿಷಯ ಈಗಲೇ ಹೇಳೋಕಾಗಲ್ಲ ಎಂದು ಡಾಕ್ಟರು ಅಂದಿದ್ದರಂತೆ. ಹೆಂಡತಿ ಬಂಗಾರಮ್ಮ ಬೀಸಣಿಗೆ ಆಡಿಸುತ್ತ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ.

“ಈ ಹಾಳು ಗುಂಡಿ ನಂಗೆ ಬೇಕಿರಲಿಲ್ಲ,” ಎಂದರು. “ಹೊಗೆ ಇಲ್ಲದ ಅಡಿಗೆಮನೆ ಅಂತ ಆಸೆ ಹುಟ್ಟಿಸಿದ್ರಿ. ಆರು ತಿಂಗಳು ದಿನಾ ಬೆಳಿಗ್ಗೆ ಕೈಯಲ್ಲಿ ಸೊಪ್ಪು ಆರಿಸಿ ಆರಿಸಿ ಸಗಣಿ ಹಾಕಿದೀನಿ. ಮುಗಿಯೋ ಕೆಲ್ಸನಾ ಅದು? ಕೊನೆಗೆ ಸೌದೆ ಒಲೆನೇ ಗತಿ ಆಯ್ತು. ಗುಂಡಿ ಸುಮ್ನೆ ಬಿದ್ದಿರ್ತಿತ್ತು. ನಿಮ್ಮ ಕಾರ್ಡು ಬರದೆ ಇದ್ರೆ ಇವ್ರು ಅದರ ಮುಖನೂ ನೋಡ್ತಿರಲಿಲ್ಲ.”

ಮಂಜಪ್ಪ ದನಿ ಕೇಳಿ ತಲೆ ತಿರುಗಿಸಿದ. “ಸಾರ್ ಬಂದ್ರಾ? ಸಾರ್, ಉರಿ ಬಂತಲ್ಲ. ಗ್ಯಾಸ್ ಇದೆ ಅಂತ ಆಯ್ತಲ್ಲ. ನಡೀತಾ ಇದೆ ಅಂತಲೇ ಬರ್ಕೊಂಡ್ಬಿಡಿ. ವಾಪಸ್ ಕೇಳಬೇಡಿ. ಈಗ ಆಸ್ಪತ್ರೆ ಖರ್ಚು ಬೇರೆ ಬಂತು.”

“ಯಾರೂ ಕೇಳಲ್ಲ ಮಂಜಪ್ಪ. ಅಂಥ ಆದೇಶವೇ ಇಲ್ಲ. ಆ ಸಾಲು ನಾನೇ ಸುಮ್ನೆ ಬರೆದದ್ದು,” ಎಂದೆ.

ಅವನು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡ. “ಆದ್ರೂ ನಡೀತಾ ಇದೆ ಅಂತ ಬರೀರಿ ಸಾರ್, ನನ್ನ ಮುಂದೇನೇ ಬರೀರಿ,” ಎಂದ.

ನಮೂನೆ ತೆಗೆದೆ. ‘ಚಾಲನೆಯಲ್ಲಿಲ್ಲ’ ಎಂದು ಬರೆದರೆ ನಿಜ. ಆದರೆ ಆ ಮನುಷ್ಯ ಉಳಿದ ಒಂದು ಕಣ್ಣಿನಲ್ಲಿ ನನ್ನ ಪೆನ್ನನ್ನೇ ನೋಡುತ್ತಿದ್ದ. ‘ಚಾಲನೆಯಲ್ಲಿದೆ’ ಎನ್ನುವ ಕಡೆ ಗುರುತು ಹಾಕಿ ತೋರಿಸಿದೆ. ಅವನು ಉಸಿರು ಬಿಟ್ಟು ಆಚೆ ತಿರುಗಿದ.

ಮುಂದೆ ಚಂದ್ರಗುತ್ತಿಗೆ ಹೋಗಬೇಕಿತ್ತು. ಹೋಗಲಿಲ್ಲ. ಅಲ್ಲಿಯವರಿಗೆಲ್ಲ ಗುಂಡಿಗೆ ಇಳಿಯಬೇಡಿ, ದೀಪ ಹತ್ತಿರ ತರಬೇಡಿ ಎಂದು ಹೊಸ ಕಾರ್ಡು ಬರೆದು ಸೊರಬದ ಅಂಚೆ ಡಬ್ಬಕ್ಕೆ ಹಾಕಿ, ಶಿಕಾರಿಪುರದ ಮೇಲೆ ಊರಿಗೆ ಮರಳಿದೆ. ತಿಂಗಳ ಮೇಲೆ ನಾನು ಕೊಟ್ಟ ಲೆಕ್ಕ ಬೆಂಗಳೂರಿನ ಸಭೆಗೆ ಹೋಯಿತು, ಅಲ್ಲಿಂದ ದಿಲ್ಲಿಗೂ ಹೋಗಿರಬೇಕು. ಬಂದಳಿಕೆಯ ಒಲೆಯೂ ಉಳವಿಯ ಗುಂಡಿಯೂ ಅದರಲ್ಲಿ ಒಂದೇ ಕಾಲಂನಲ್ಲಿವೆ.

ಆ ದಿನ ಆಸ್ಪತ್ರೆಯ ಬಾಗಿಲವರೆಗೆ ಬಂಗಾರಮ್ಮ ಹಿಂದೆ ಬಂದಿದ್ದರು. ಸೆರಗಿನ ಗಂಟಿನಿಂದ ನನ್ನ ಕಾರ್ಡು ಬಿಚ್ಚಿ ಕೈಗೆ ಕೊಟ್ಟರು.

“ನಂಗೆ ಓದೋಕೆ ಬರಲ್ಲ,” ಎಂದರು. “ದೀಪ ತರಬೇಡಿ ಅಂತ ಇದ್ರಲ್ಲಿ ಬರ್ದಿದ್ರಾ? ಜಾಗ ಸಾಲಲಿಲ್ವಾ?”

ಬಸ್ಸಿನಲ್ಲಿ ಕೂತು ಅದನ್ನು ಬಿಡಿಸಿ ನೋಡಿದೆ. ಮೇಲೆ ತಾರೀಖು, ಎರಡು ಸಾಲು, ಕೆಳಗೆ ನನ್ನ ಸಹಿ. ಉಳಿದ ಕಾರ್ಡೆಲ್ಲ ಖಾಲಿ ಇತ್ತು.